ಕರೆದವರೇ ಬರದಿದ್ದರೆ ಆ ಟೇಬಲ್ ಗತಿ ಏನು?

ಮಂಡ್ಯದಲ್ಲಿ ಟ್ರಸ್ಟ್ ನಡೆಸುವ ಗೆಳತಿಯೊಬ್ಬಳು ಈ ವರ್ಷ ಮೊದಲ ಸಲ ದೇಣಿಗೆ ಊಟ ಇಟ್ಟುಕೊಂಡಿದ್ದಾಳೆ. ಛತ್ರದ ಬಾಡಿಗೆ, ಅಡುಗೆಯವರು, ಮೈಕ್ ಸೆಟ್ಟು ಎಲ್ಲವನ್ನೂ ಫೋನಿನಲ್ಲಿ ವಿಚಾರಿಸಿಕೊಂಡು, ಕೊನೆಗೆ "ಅಲ್ಲ ಕಣೆ, ಟೇಬಲ್ ಹೋಸ್ಟೇ ಬರಲಿಲ್ಲ ಅಂದ್ರೆ ಏನ್ ಮಾಡೋದು?" ಅಂದಳು. ಮೊದಲು ಕೇಳಬೇಕಾಗಿದ್ದೇ ಅದನ್ನ. ಮಿಕ್ಕಿದ್ದಕ್ಕೆಲ್ಲ ದುಡ್ಡು ಕೊಟ್ಟರೆ ಜನ ಸಿಗುತ್ತಾರೆ, ಇದಕ್ಕೆ ಸಿಗಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಥದ್ದಕ್ಕೆ ಕೈ ಹಾಕುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಟೇಬಲ್ ಹೋಸ್ಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಸೇವಾ ಸಂಸ್ಥೆಗಳಲ್ಲಿ ಇದು ಹಳೇ ಪದ್ಧತಿ. ಸಂಸ್ಥೆಯವರು ಊರಿಗೆಲ್ಲ ಕಾರ್ಡು ಹಂಚುವುದಿಲ್ಲ. ಸಂಸ್ಥೆಯ ಕೆಲಸ ಚೆನ್ನಾಗಿ ಬಲ್ಲವರೊಬ್ಬರು ಒಂದು ಟೇಬಲ್ ವಹಿಸಿಕೊಳ್ಳುತ್ತಾರೆ. ತಮ್ಮ ನೆಂಟರು, ಸ್ನೇಹಿತರು, ಆಫೀಸಿನವರು ಅಂತ ಎಂಟೋ ಹತ್ತೋ ಜನರನ್ನು ತಾವೇ ಕರೆದು ಕೂರಿಸುತ್ತಾರೆ. ಊಟ ಆಗುತ್ತದೆ, ಸ್ಟೇಜಿನ ಮೇಲೆ ಒಂದಷ್ಟು ಮಾತು ಆಗುತ್ತದೆ, ಕೊನೆಗೆ ಟೇಬಲ್ ಮೇಲಿರುವ ಕವರ್‌ನಲ್ಲಿ ಯಾರಿಗೆ ಎಷ್ಟು ಅನಿಸುತ್ತೋ ಅಷ್ಟು ಬರೆದು ಹಾಕುತ್ತಾರೆ. ನಮ್ಮ ಟ್ರಸ್ಟು ಸಣ್ಣದು, ಕಿವಿ ಕೇಳಿಸದ ಮಕ್ಕಳ ಮನೆಯವರಿಗೆ ಆಸರೆಯಾಗಿ ನಿಲ್ಲುವಂಥದ್ದು. ಮೈಸೂರಲ್ಲಿ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ, ಯಾಕಂದ್ರೆ ಕರೆದು ಊಟ ಹಾಕುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ.

ತೊಂದರೆಯೂ ಅಲ್ಲೇ ಇರೋದು. ನಮ್ಮಲ್ಲಿ ಜನ ಬರುವುದು ಕರೆದವರ ಮುಖ ನೋಡಿ. ಟ್ರಸ್ಟ್ ಹೆಸರು ಕಾರ್ಡಿನಲ್ಲಿ ಎಷ್ಟೇ ದಪ್ಪಗಿದ್ದರೂ, ಹತ್ತರಲ್ಲಿ ಏಳು ಜನ "ಅವರು ಕರೆದಿದ್ದಾರೆ, ಹೋಗದಿದ್ದರೆ ಬೇಜಾರು ಮಾಡ್ಕೋತಾರೆ" ಅಂತಲೇ ಬಂದಿರುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಕವರನ್ನು ಸಿಕ್ಕಿದವರ ಕೈಗೆ ಕೊಟ್ಟು ಬರುತ್ತೇವಾ? ಕರೆದವರನ್ನೇ ಹುಡುಕಿ, ಅವರು ನಮ್ಮ ಮುಖ ನೋಡಿದ್ದು ಖಾತ್ರಿಯಾದ ಮೇಲೆ ಕೊಡುತ್ತೇವೆ. ಅದೇ ಜನ ಅದೇ ಬುದ್ಧಿ ಇಟ್ಟುಕೊಂಡು ನಮ್ಮ ಹಾಲಿಗೂ ಬರುತ್ತಾರೆ. ಒಂದು ಸಲ ಬಾಗಿಲ ಹತ್ತಿರ ಒಬ್ಬ ಹಿರಿಯರು ಟೇಬಲ್ ಕಡೆ ಕಣ್ಣಾಡಿಸಿ, ಹೆಂಡತಿಗೆ ಮೆಲ್ಲಗೆ "ಕರೆದೋರೇ ಕಾಣ್ತಿಲ್ವಲ್ಲೇ, ಸುಮ್ನೆ ಹೋಗ್ಬಿಡೋಣ್ವಾ" ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅವರದು ಜಂಬ ಅಲ್ಲ, ಸಂಕೋಚ. ಪರಿಚಯದ ಮುಖ ಒಂದೂ ಇಲ್ಲದ ಕಡೆ ಕೂತು ಊಟ ಮಾಡುವುದು ಅವರಿಗೆ ಬಿಟ್ಟಿ ಊಟದ ಹಾಗೆ ಕಾಣುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟು. ಹೋಸ್ಟ್ ಬರದ ದಿನ ಅವರ ಜಾಗದಲ್ಲಿ ಇನ್ನೊಬ್ಬ ಹೋಸ್ಟ್ ತಯಾರು ಮಾಡಲು ಹೋಗಬೇಡಿ. ಹೋಸ್ಟ್ ಇಲ್ಲದಿದ್ದರೂ ಅವರ ಕರೆ ಆ ಟೇಬಲಿನಲ್ಲಿ ಉಳಿಯುವ ಹಾಗೆ ನೋಡಿಕೊಳ್ಳಿ. ಅವರೇ ಕರೆದದ್ದು, ಅವರ ಪರವಾಗಿ ನಾವು ನೋಡಿಕೊಳ್ಳುತ್ತಿದ್ದೇವೆ, ನಾಳೆ ಅವರೇ ನಿಮ್ಮ ಹತ್ತಿರ ಮಾತಾಡುತ್ತಾರೆ, ಈ ಮೂರು ವಿಷಯ ಅತಿಥಿಗಳಿಗೆ ಗೊತ್ತಾದರೆ ಅವರು ಎದ್ದು ಹೋಗುವುದಿಲ್ಲ.

ಬರದಿರುವುದರಲ್ಲೂ ಬೇರೆ ಬೇರೆ ಥರ ಇದೆ. ಬೆಳಿಗ್ಗೆಯೇ ಫೋನ್ ಮಾಡಿ "ಆಗ್ತಿಲ್ಲ" ಅನ್ನುವವರು ದೇವರಂಥವರು, ಅವರಿಂದ ಅರ್ಧ ಕೆಲಸ ಮಾಡಿಸಿಕೊಳ್ಳಬಹುದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡವರು ಇನ್ನೊಂದು ಥರ. ಬೆಂಗಳೂರಿನಿಂದ ಹೊರಟು "ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಒಂದೂವರೆ ಗಂಟೆ" ಅಂತ ಲೆಕ್ಕ ಹಾಕಿರುತ್ತಾರೆ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆದಾಗಿನಿಂದ ಎಲ್ಲರ ಬಾಯಲ್ಲೂ ಇದೇ ಲೆಕ್ಕ. ಕೆಂಗೇರಿ ದಾಟಲು ಎಷ್ಟು ಹೊತ್ತು, ಮೈಸೂರು ಒಳಗೆ ಬಂದು ಕೊಲಂಬಿಯಾ ಏಷ್ಯಾ ಸಿಗ್ನಲ್ ದಾಟಲು ಎಷ್ಟು ಹೊತ್ತು ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ (ಆಸ್ಪತ್ರೆ ಹೆಸರು ಬದಲಾದರೂ ನಮ್ಮ ಬಾಯಲ್ಲಿ ಸಿಗ್ನಲ್ ಇನ್ನೂ ಕೊಲಂಬಿಯಾ ಏಷ್ಯಾನೇ). ಇಂಥವರು ಬಂದೇ ಬರುತ್ತಾರೆ, ಆದರೆ ಯಾವಾಗ ಅಂತ ಹೇಳಲಾಗದು.

ಇನ್ನೊಂದು ಸೂತಕ. ಬೆಳಿಗ್ಗೆ ದಾಯಾದಿಗಳಲ್ಲಿ ಯಾರೋ ಹೋಗಿಬಿಟ್ಟರು ಅಂದರೆ ಹೋಸ್ಟ್ ಹಾಲಿನ ಮೆಟ್ಟಿಲು ಹತ್ತುವುದಿಲ್ಲ. ಅಷ್ಟೇ ಅಲ್ಲ, ಟೇಬಲಿನಲ್ಲಿ ಅರ್ಧ ಜನ ಅವರ ಮನೆಯವರೇ ಆಗಿದ್ದರೆ ಅವರೂ ಬರುವುದಿಲ್ಲ. ಇಂಥ ದಿನ ಟೇಬಲ್ ಉಳಿಸಲು ಒದ್ದಾಡಬೇಡಿ. ಬಂದ ಮೂರು ನಾಲ್ಕು ಜನರನ್ನು ಪಕ್ಕದ ಟೇಬಲಿಗೆ ಸೇರಿಸಿ ಸುಮ್ಮನಾಗಿ. ಲಗ್ನದ ಸೀಸನ್ ಅನ್ನುವ ಕಾಟ ಬೇರೆ ಇದೆ. ದಿನ ಗೊತ್ತು ಮಾಡುವಾಗ ಹಾಲ್ ಖಾಲಿ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು, ಪಂಚಾಂಗವನ್ನೂ ನೋಡಬೇಕು. ಒಳ್ಳೇ ಮುಹೂರ್ತದ ಹಿಂದಿನ ಸಂಜೆ ಇಟ್ಟುಕೊಂಡರೆ ನಿಮ್ಮ ಹೋಸ್ಟ್ ಯಾವುದೋ ರಿಸೆಪ್ಷನ್ನಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ದಸರಾ ಟೈಮಿನಲ್ಲಿ ಮೈಸೂರಲ್ಲಿ ಇಡುವ ಯೋಚನೆ ಇದ್ದರೆ ನನ್ನ ಹತ್ತಿರ ಬರಲೇಬೇಡಿ.

ಕೊನೆಯವರು ಫೋನೇ ಎತ್ತದವರು. ಅವರ ಮಾತು ಆಮೇಲೆ.

ಯಾವ ಥರದವರೇ ಆಗಲಿ, ತಯಾರಿ ಮಾಡಬೇಕಾದದ್ದು ಅವರು ಟೇಬಲ್ ಒಪ್ಪಿಕೊಂಡ ದಿನ. "ನೀವು ಬರದಿದ್ದರೆ ಯಾರು?" ಅಂತ ನೇರವಾಗಿ ಕೇಳಿದರೆ ನಮ್ಮ ಕಡೆ ಅಪಶಕುನ ನುಡಿದ ಹಾಗೆ. ಒಬ್ಬ ಹಿರಿಯ ಹೋಸ್ಟ್ ಮುಖ ಗಂಟು ಹಾಕಿಕೊಂಡು "ಯಾಕ್ರೀ, ನಾನ್ಯಾಕೆ ಬರಲ್ಲ?" ಅಂದುಬಿಟ್ಟಿದ್ದರು. ಹಾಗಾಗಿ ನಾವು ಕೇಳುವ ರೀತಿ ಬೇರೆ. "ಸರ್, ನೀವು ನಾಲ್ಕು ಜನರನ್ನ ಮಾತಾಡಿಸ್ಕೊಂಡು ಓಡಾಡ್ತಿರ್ತೀರಿ, ಆಗ ಟೇಬಲ್ ನೋಡ್ಕೊಳ್ಳೋಕೆ ನಿಮ್ಮ ಕಡೆಯವರು ಇನ್ನೊಬ್ಬರ ಹೆಸರು ಕೊಟ್ಟಿರಿ." ಇದಕ್ಕೆ ಇಲ್ಲ ಅಂದವರಿಲ್ಲ. ಖುಷಿಯಾಗಿ ಭಾವಮೈದುನನ ಹೆಸರನ್ನೋ ಷಡ್ಡಕನ ಹೆಸರನ್ನೋ ಕೊಡುತ್ತಾರೆ. ಆ ಎರಡನೇ ಹೆಸರೇ ಮುಂದೆ ನಮ್ಮನ್ನು ಕಾಪಾಡುವುದು.

ಜೊತೆಗೆ ಅತಿಥಿಗಳ ಪಟ್ಟಿ. ಹೆಸರು, ಫೋನ್ ನಂಬರ್, ಹೋಸ್ಟಿಗೆ ಏನಾಗಬೇಕು, ಇಷ್ಟು ಸಾಕು. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. "ಏನಾಗಬೇಕು" ಅಂತ ಬರೆಸಿಕೊಂಡಿದ್ದರೆ ಹೋಸ್ಟ್ ಇಲ್ಲದ ದಿನ ಟೇಬಲಿಗೆ ಹೋಗಿ "ನಮಸ್ಕಾರ ಮೇಡಂ, ನೀವು ಅವರ ಜೊತೆ ಬ್ಯಾಂಕಿನಲ್ಲಿ ಇದ್ದವರಲ್ವಾ?" ಅನ್ನಬಹುದು. ಹೆಸರು ಮಾತ್ರ ಇದ್ದರೆ ಹಾಜರಿ ಕೂಗಿದ ಹಾಗಾಗುತ್ತದೆ. ಶುಗರ್ ಇರುವವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಯಾರು ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಅದನ್ನು ನೆನಪಿಟ್ಟುಕೊಂಡು ಬಡಿಸಿದರೆ ಹೋಸ್ಟ್ ಇಲ್ಲದ ಕೊರತೆ ಅರ್ಧ ಮುಚ್ಚಿಹೋಗುತ್ತದೆ. ಉತ್ಪ್ರೇಕ್ಷೆ ಮಾಡ್ತಿಲ್ಲ. "ಇವರಿಗೆ ಸಕ್ಕರೆ ಇಲ್ಲದ ಕಾಫಿ" ಅಂತ ಕೇಳದೇ ತಂದುಕೊಟ್ಟರೆ ಮೈಸೂರಿನ ಯಾವ ಹಿರಿಯರೂ ಕರಗುತ್ತಾರೆ.

ಇನ್ನು ನಮ್ಮ ಕಡೆಯಿಂದ ಒಬ್ಬರು ಬೇಕು. ಇವರನ್ನು ನಾವು ಸ್ಟೆಪ್ನಿ ಅಂತಲೇ ಕರೆಯುತ್ತೇವೆ, ಅವರೂ ನಗುತ್ತಾ ಒಪ್ಪಿಕೊಂಡಿದ್ದಾರೆ. ಯಾವ ಟೇಬಲೂ ಇವರ ಹೆಸರಿನಲ್ಲಿ ಇರಬಾರದು. ಇವರ ನೆಂಟರು ಅವತ್ತು ಹಾಲಿನಲ್ಲಿ ಇರಬಾರದು, ಇದ್ದರೆ ಗಮನವೆಲ್ಲ ಆ ಕಡೆ. ಟ್ರಸ್ಟ್ ಕೆಲಸ ಗೊತ್ತಿರಬೇಕು, ಜೊತೆಗೆ ಹೊಟ್ಟೆಗೆ ಮೊದಲೇ ಏನಾದರೂ ಹಾಕಿಕೊಂಡು ಬಂದಿರಬೇಕು. ಯಾರನ್ನು ಇಡಬಾರದು ಅನ್ನುವುದು ಇನ್ನೂ ಮುಖ್ಯ. ಟ್ರಸ್ಟಿಗಳು ಬೇಡ. ಟ್ರಸ್ಟಿ ಬಂದು ಕೂತ ತಕ್ಷಣ ಟೇಬಲ್ಲಿನವರೆಲ್ಲ ನೆಟ್ಟಗೆ ಕೂತುಬಿಡುತ್ತಾರೆ, ಇವರು ದುಡ್ಡು ಕೇಳಲಿಕ್ಕೇ ಬಂದದ್ದು ಅಂತ ಅವರಿಗೆ ಗೊತ್ತು. ಕಾಲೇಜಿನ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನೇ ಇಂಥ ಕಡೆ ಕೂರಿಸುವುದೂ ಬೇಡ. ಪಾಪ, ರಿಟೈರಾದ ಇಂಜಿನಿಯರುಗಳ ಮಧ್ಯೆ ಅವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ.

ನಮಗೆ ಒಳ್ಳೇ ಸ್ಟೆಪ್ನಿಯಾಗಿ ಸಿಕ್ಕಿದ್ದು ಸರಸ್ವತಿಪುರಂ ಕಡೆಯ ಒಬ್ಬ ನಿವೃತ್ತ ಹೈಸ್ಕೂಲು ಟೀಚರ್. ಎಂಥವರ ಹತ್ತಿರವೂ ಎರಡು ನಿಮಿಷದಲ್ಲಿ "ನಿಮ್ಮ ಮಕ್ಕಳು ಯಾವ ಸ್ಕೂಲು" ಅಂತ ಶುರು ಮಾಡಿ, ಕೊನೆಗೆ ಯಾರೋ ಒಬ್ಬ ಹಳೇ ಶಿಷ್ಯನ ಮೂಲಕ ನೆಂಟಸ್ತಿಕೆ ಕಂಡುಹಿಡಿದುಬಿಡುತ್ತಾರೆ. ಮೈಸೂರು ಅಷ್ಟು ಚಿಕ್ಕ ಊರು, ಕಂಡುಹಿಡಿಯಲೇಬೇಕು ಅಂತ ಕೂತರೆ ಸಿಕ್ಕೇ ಸಿಗುತ್ತದೆ.

ಈಗ ಆ ಸಂಜೆಗೆ ಬರೋಣ. ಕಾರ್ಡಿನಲ್ಲಿ ಆರೂವರೆ ಅಂತ ಹಾಕಿದ್ದರೆ ಜನ ಸೇರುವುದು ಏಳು ಕಾಲಿಗೆ. ಆರೂವರೆಗೇ ಹೋಸ್ಟ್ ಬಂದಿಲ್ಲ ಅಂತ ಗಾಬರಿ ಬೀಳಬೇಡಿ. ಆದರೆ ಹೋಸ್ಟುಗಳಿಗೆ ಮಾತ್ರ ಆರು ಗಂಟೆ ಅಂತ ಬೇರೆಯಾಗಿ ಹೇಳಿರಬೇಕು, ಆರೂವರೆಗೆ ಫೋನ್ ಮಾಡಬೇಕು, ಏಳಕ್ಕೆ ನಿರ್ಧಾರ ಮಾಡಿಬಿಡಬೇಕು. ಏಳರ ನಂತರ "ಇನ್ನೊಂದು ಹತ್ತು ನಿಮಿಷ ನೋಡೋಣ" ಅನ್ನುವುದರಲ್ಲೇ ಟೇಬಲ್ ಕೈ ತಪ್ಪುವುದು. ಅತಿಥಿಗಳು ಬಂದು ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೋಸ್ಟಿಗೆ ತಾವೇ ಫೋನ್ ಹಚ್ಚಿ, ನಮಗಿಂತ ಮೊದಲು ವಿಷಯ ತಿಳಿದುಕೊಂಡಿರುತ್ತಾರೆ. ಇದು ನೆನಪಿರಲಿ, ಅವರಿಗೆ ಹೋಸ್ಟ್ ನಂಬರ್ ನಿಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ "ದಾರಿಯಲ್ಲಿದ್ದಾರೆ, ಈಗ ಬಂದುಬಿಡ್ತಾರೆ" ಅಂತ ಸುಳ್ಳು ಹೇಳುವ ಕೆಲಸವೇ ಬೇಡ. ಬೇರೆ ಸಂಸ್ಥೆಯವರ ಒಂದು ಊಟದಲ್ಲಿ ನಾನು ಅತಿಥಿಯಾಗಿ ಕೂತಿದ್ದಾಗ ಹೀಗೇ ಆಯಿತು. ಸಂಘಟಕರು "ಹಿನಕಲ್ ಹತ್ರ ಇದಾರಂತೆ" ಅಂತ ಹೇಳಿ ಆ ಕಡೆ ಹೋದರು, ಈ ಕಡೆ ನಮ್ಮ ಟೇಬಲಿನ ಒಬ್ಬರು ಫೋನ್ ಮಾಡಿದರೆ ಹೋಸ್ಟ್ ಬೆಂಗಳೂರಿನ ಮನೆಯಲ್ಲಿ ಆರಾಮಾಗಿ ಕೂತಿದ್ದಾರೆ. ಆಮೇಲೆ ಸ್ಟೇಜಿನಿಂದ ಬಂದ ಯಾವ ಮಾತನ್ನೂ ನಮ್ಮ ಟೇಬಲ್ ನಂಬಲಿಲ್ಲ.

ನಿಜ ಹೇಳಿ, ಆದರೆ ಪೂರ್ತಿ ಹೇಳಬೇಕು ಅಂತಿಲ್ಲ. ಹೋಸ್ಟ್ ಮನೆಯಲ್ಲಿ ಏನಾಗಿದೆ ಅನ್ನುವುದು ಅವರ ಸ್ವಂತ ವಿಷಯ. ಯಾರೋ ಆಸ್ಪತ್ರೆಯಲ್ಲಿದ್ದಾರೆ ಅಂತ ನಿಮ್ಮ ಹತ್ತಿರ ಹೇಳಿದ್ದನ್ನು ಟೇಬಲಿನಲ್ಲಿ ಹತ್ತು ಜನರ ಮುಂದೆ ಹೇಳಿದರೆ, ಮಾರನೇ ದಿನ ಅವರ ಮನೆಗೆ ಇಪ್ಪತ್ತು ಫೋನ್ ಹೋಗುತ್ತದೆ. "ಏನು ಹೇಳಲಿ ಸರ್ ನಿಮ್ಮವರಿಗೆ?" ಅಂತ ಹೋಸ್ಟನ್ನೇ ಕೇಳಿಬಿಡಿ. ಅವರು ಹೇಳಿದ ಮಾತನ್ನೇ ಹೇಳಿ. ನಾವು ಸಾಮಾನ್ಯವಾಗಿ ಹೇಳುವುದು ಹೀಗೆ: "ಅವರಿಗೆ ಕೊನೇ ಗಳಿಗೆಯಲ್ಲಿ ಬರೋಕಾಗ್ಲಿಲ್ಲ, ಈಗ ತಾನೇ ಫೋನ್ ಮಾಡಿದ್ರು. ನಮ್ಮೋರನ್ನ ಚೆನ್ನಾಗಿ ನೋಡ್ಕೊಳ್ಳಿ ಅಂತ ನನಗೆ ಹೇಳಿದಾರೆ. ನಾನು ಇಲ್ಲೇ ಇರ್ತೀನಿ." ಇಷ್ಟನ್ನು ಕೂತುಕೊಂಡು ಹೇಳಬೇಕು. ನಿಂತು ಹೇಳಿದರೆ ಅನೌನ್ಸ್‌ಮೆಂಟ್ ಆಗುತ್ತದೆ. ಮೈಕಿನಲ್ಲಂತೂ ಹೇಳಲೇಬಾರದು. ಒಬ್ಬರು ಬಂದಿಲ್ಲ ಅನ್ನುವುದು ಇಡೀ ಹಾಲಿಗೆ ಯಾಕೆ?

ಹೋಸ್ಟ್ ಫೋನಿಗೆ ಸಿಕ್ಕರೆ ಅವರಿಂದ ಒಂದು ಕೆಲಸ ಮಾಡಿಸಿಕೊಳ್ಳಿ. ವಾಯ್ಸ್ ಮೆಸೇಜ್ ಕಳಿಸಿ, ಟೇಬಲಿನಲ್ಲಿ ಹಾಕಿ ಕೇಳಿಸುತ್ತೇವೆ ಅನ್ನುವ ಐಡಿಯಾ ಎಲ್ಲರಿಗೂ ಹೊಳೆಯುತ್ತದೆ. ಛತ್ರದ ಗಲಾಟೆಯಲ್ಲಿ ಒಂದಕ್ಷರ ಕೇಳಿಸುವುದಿಲ್ಲ, ಎಲ್ಲರೂ ಫೋನಿಗೆ ಕಿವಿ ಕೊಟ್ಟು "ಏನಂದ್ರು, ಏನಂದ್ರು" ಅಂತ ಕೇಳುತ್ತಾರೆ. ಕಿವಿಯ ತೊಂದರೆಗೇ ನಡೆಯುವ ಕಾರ್ಯಕ್ರಮದಲ್ಲಿ ಇದು ನೋಡಲಿಕ್ಕೆ ಚೆನ್ನಾಗಿರಲ್ಲ. ಅದರ ಬದಲು ಪ್ರತಿಯೊಬ್ಬರಿಗೂ ಬೇರೆ ಬೇರೆ ವಾಟ್ಸಾಪ್ ಮೆಸೇಜ್ ಹಾಕಲು ಹೇಳಿ, ಗ್ರೂಪಿನಲ್ಲಿ ಬೇಡ. ಟೇಬಲಿನಲ್ಲಿ ಹಿರಿಯರು ಯಾರಿದ್ದಾರೋ ಅವರಿಗೆ ಮಾತ್ರ ಹೋಸ್ಟ್ ನೇರ ಫೋನ್ ಮಾಡಿ ಮಾತಾಡಲಿ. ಹಿರಿಯರು "ಆಯ್ತು ಬಿಡಪ್ಪ, ನಾನಿದೀನಲ್ಲ" ಅಂದರೆ ಮುಗಿಯಿತು, ಮಿಕ್ಕವರು ಯಾರೂ ಏಳುವುದಿಲ್ಲ.

ಕುರ್ಚಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಾದ ಕುರ್ಚಿಗಳನ್ನು ಹಾಲ್ ತುಂಬುವ ಮೊದಲು ತೆಗೆಸಿ. ಐದು ಜನರಿಗಿಂತ ಕಡಿಮೆ ಬಂದಿದ್ದರೆ ಟೇಬಲ್ ಸೇರಿಸಬಹುದು, ಆದರೆ ಬಡಿಸಲು ಶುರು ಮಾಡಿದ ಮೇಲೆ ಯಾರನ್ನೂ ಎಬ್ಬಿಸುವಂತಿಲ್ಲ. ತಟ್ಟೆ ಮುಂದಿನಿಂದ ಮನುಷ್ಯರನ್ನು ಏಳಿಸಿದರೆ ಆ ಪಾಪಕ್ಕೆ 80ಜಿ (ದೇಣಿಗೆ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ) ಕೂಡ ಇಲ್ಲ.

ಈಗ ಖಾಲಿ ಜಾಗದಲ್ಲಿ ಯಾರನ್ನು ಕೂರಿಸುವುದು? ಎರಡನೇ ಹೆಸರಿನವರು ಹೋಸ್ಟ್ ಕುರ್ಚಿಯಲ್ಲಿ, ಸ್ಟೆಪ್ನಿ ಅವರ ಎದುರಿಗೆ. ಇನ್ನೊಂದು ಕುರ್ಚಿ ಉಳಿದಿದ್ದರೆ ನಾನು ಮಾಡುವುದು, ನಮ್ಮ ಮಕ್ಕಳ ತಾಯಂದಿರಲ್ಲಿ ಒಬ್ಬರನ್ನು ಅವರು ಒಪ್ಪಿದರೆ ಅಲ್ಲಿ ಊಟಕ್ಕೆ ಕೂರಿಸುವುದು. ಮಗುವನ್ನು ಟೇಬಲಿಂದ ಟೇಬಲಿಗೆ ಮೆರವಣಿಗೆ ಮಾಡಿಸುವುದು ನನಗೆ ಆಗಿಬರುವುದಿಲ್ಲ, ಅದನ್ನು ಮಾಡುವ ಕಡೆ ನಾನು ಊಟವನ್ನೂ ಮಾಡುವುದಿಲ್ಲ. ತಾಯಿ ಅತಿಥಿಯಾಗಿ ಕೂರಬೇಕು, ಅವರ ಮುಂದೆಯೂ ತಟ್ಟೆ ಇರಬೇಕು, ಭಾಷಣ ಮಾಡಿ ಅಂತ ಯಾರೂ ಹೇಳಬಾರದು.

ಒಂದು ಸಲ ಹೀಗೆ ಕೂತವರು ನಂಜನಗೂಡು ಕಡೆಯ ಹಳ್ಳಿಯ ಹೆಣ್ಣುಮಗಳು. ಹೋಸ್ಟ್ ಇರಲಿಲ್ಲ. ಟೇಬಲಿನಲ್ಲಿದ್ದವರು ಹೋಸ್ಟಿನ ಹಳೇ ಆಫೀಸಿನವರು, ಎಲ್ಲರೂ ಅರವತ್ತು ದಾಟಿದವರು. ಮೊದಲು ಹತ್ತು ನಿಮಿಷ ಮಾತೇ ಇಲ್ಲ, ಕೋಸಂಬರಿ ಚೆನ್ನಾಗಿದೆ ಅನ್ನುವಷ್ಟೇ. ಆಮೇಲೆ ಒಬ್ಬರು ಸುಮ್ಮನೆ ಕೇಳಿದರು, "ಕಿವಿಗೆ ಹಾಕೋ ಮಿಷನ್ ಸರ್ಕಾರನೇ ಕೊಡುತ್ತಲ್ಲಮ್ಮ, ಮತ್ತೆ ಇನ್ನೇನು ಖರ್ಚು?" ನ್ಯಾಯವಾದ ಪ್ರಶ್ನೆಯೇ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಡ ಮಕ್ಕಳಿಗೆ ಹಿಯರಿಂಗ್ ಏಡ್ ಉಚಿತವಾಗಿ ಸಿಗುತ್ತದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಹೆಣ್ಣುಮಗಳು ಮಾತಾಡುವ ಬದಲು ಚೀಲದಿಂದ ಒಂದು ಹಳೇ ಕುಂಕುಮದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಮಗುವಿನ ಕಿವಿಯ ಹಳೇ ಅಚ್ಚುಗಳು. ಹಿಯರಿಂಗ್ ಏಡನ್ನು ಕಿವಿಗೆ ಕೂರಿಸಲು ಆ ಮಗುವಿನ ಕಿವಿಯ ಅಳತೆಗೇ ಅಚ್ಚು ಮಾಡುತ್ತಾರೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲ ಆಗುತ್ತದೆ, ಸಡಿಲ ಆದರೆ ಮಿಷನ್ ಕುಯ್ಯ್ ಅಂತ ಸದ್ದು ಮಾಡುತ್ತದೆ, ಮಗು ಕಿತ್ತೆಸೆಯುತ್ತದೆ. ಮತ್ತೆ ಹೊಸ ಅಚ್ಚು, ಮತ್ತೆ ಮೈಸೂರಿಗೆ ಬಸ್ಸು, ಅವತ್ತಿನ ಕೂಲಿ ಖೋತಾ.

ಪಕ್ಕದಲ್ಲಿದ್ದ ಇಂಜಿನಿಯರು ಅವನ್ನು ಒಂದೊಂದಾಗಿ ಎತ್ತಿ, ಟೇಬಲ್ ಬಟ್ಟೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರು. ಮೊದಲನೆಯದು ಕಡಲೆಕಾಯಿ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅವರು ಕನ್ನಡಕ ಏರಿಸಿಕೊಂಡು ನೋಡಿದರು, ಆಚೆ ಈಚೆಯವರು ಬಗ್ಗಿದರು, ಅಲ್ಲಿಂದ ಪ್ರಶ್ನೆಗಳು ಶುರುವಾದವು. ಸೆಲ್ ಎಷ್ಟು ದಿನ ಬರುತ್ತೆ? ಸ್ಟಿಕ್ಕರ್ ಕಿತ್ತ ಮೇಲೆ ಹಾಕಿಕೊಂಡರೂ ಅಷ್ಟೇ ಬಿಟ್ಟರೂ ಅಷ್ಟೇ, ಖಾಲಿಯಾಗುತ್ತಾ ಹೋಗುತ್ತೆ ಅಂದರೆ ಗಾಳಿ ತಗುಲಿ ಕೆಲಸ ಮಾಡುವ ಸೆಲ್ಲಾ? ಹೌದು, ಜಿಂಕ್ ಏರ್. ಮಳೆಗಾಲದಲ್ಲಿ ಏನು ಮಾಡ್ತೀರಿ? ನಮ್ಮ ಸ್ಟೆಪ್ನಿ ಟೀಚರ್ ಪೂರ್ತಿ ಸುಮ್ಮನಿದ್ದರು. ಅವರಿಂದ ಕಲಿಯಬೇಕಾದದ್ದು ಅದು. ಆ ಟೇಬಲಿಂದ ಬಂದ ಹಣ ಅವತ್ತಿನ ಬೇರೆ ಟೇಬಲುಗಳಿಗಿಂತ ಕಡಿಮೆಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಬ್ಬರು ತಿಂಗಳು ತಿಂಗಳು ಸೆಲ್ಲಿನ ಖರ್ಚು ವಹಿಸಿಕೊಂಡರು, ಈಗಲೂ ಕೊಡುತ್ತಿದ್ದಾರೆ.

ದುಡ್ಡಿನ ಮಾತಿಗೆ ಬಂದೆ. ಹೋಸ್ಟ್ ಇದ್ದಿದ್ದರೆ ಅವರೇ ಮೊದಲು ಕವರ್ ಕೈಗೆತ್ತಿಕೊಂಡು ಬರೆಯಲು ಶುರು ಮಾಡುತ್ತಿದ್ದರು, ಅದನ್ನು ನೋಡಿ ಮಿಕ್ಕವರು ಪೆನ್ನು ಹುಡುಕುತ್ತಿದ್ದರು. ಅವರಿಲ್ಲದಾಗ ಯಾರು ಮೊದಲು? ಸ್ಟೆಪ್ನಿ ಸುಮ್ಮನೆ ನಾಟಕಕ್ಕೆ ಒಂದು ಕವರ್ ತುಂಬಿಸುವುದು ಬೇಡ, ನೋಡುವವರಿಗೆ ಗೊತ್ತಾಗುತ್ತದೆ. ನಾವು ಮಾಡುವುದು, ಎಲ್ಲಾ ಹೋಸ್ಟುಗಳಿಂದ ಅವರ ಪಾಲನ್ನು ಕಾರ್ಯಕ್ರಮಕ್ಕೆ ಮೊದಲೇ ತೆಗೆದುಕೊಂಡುಬಿಡುವುದು. ಆಗ ಅವರಿಲ್ಲದಿದ್ದರೂ "ಅವರು ತಮ್ಮದು ಕೊಟ್ಟುಬಿಟ್ಟಿದ್ದಾರೆ" ಅಂತ ಎರಡನೇ ಹೆಸರಿನವರು ಹೇಳಬಹುದು. ಎಷ್ಟು ಅಂತ ಹೇಳಬಾರದು. ದೊಡ್ಡ ಮೊತ್ತ ಕೇಳಿದರೆ ಕಡಿಮೆ ಕೊಡುವವರಿಗೆ ಮುಜುಗರ, ಸಣ್ಣ ಮೊತ್ತ ಕೇಳಿದರೆ ಜಾಸ್ತಿ ಕೊಡಬೇಕು ಅಂದುಕೊಂಡವರೂ ಕೈ ಬಿಗಿ ಮಾಡುತ್ತಾರೆ.

ಹೋಸ್ಟ್ ಇಲ್ಲದ ಟೇಬಲಿನಲ್ಲಿ ಲೆಕ್ಕದ ಗೊಂದಲಗಳೂ ಜಾಸ್ತಿ. ಯಾರೋ ಒಬ್ಬರು ಹುರುಪಿನಲ್ಲಿ "ಎಲ್ಲರೂ ನನಗೆ ಕೊಡಿ, ನಾನೇ ಒಟ್ಟಿಗೆ ಸ್ಕ್ಯಾನ್ ಮಾಡ್ತೀನಿ" ಅಂತ ಕ್ಯಾಶ್ ಕೂಡಿಸುತ್ತಾರೆ. ತಡೆಯಿರಿ. ಯಾರ ಖಾತೆಯಿಂದ ಬಂತೋ ಅವರ ಹೆಸರಿಗೇ ರಸೀದಿ ಹೋಗುವುದು, ಮಿಕ್ಕವರಿಗೆ 80ಜಿ ತಪ್ಪಿಹೋಗುತ್ತದೆ. ನಗದಾಗಿ ಕೊಟ್ಟರೆ 2,000 ರೂಪಾಯಿ ದಾಟಿದ ದೇಣಿಗೆಗೆ ಆ ವಿನಾಯಿತಿಯೇ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಹೇಗೂ ಸಿಗುವುದಿಲ್ಲ, ಅದನ್ನು ಕೇಳಿದವರಿಗೆ ನೇರವಾಗಿ ಹೇಳಿಬಿಡಿ, ಆಮೇಲೆ "ನೀವು ಹೇಳಲೇ ಇಲ್ಲ" ಅನ್ನಿಸಿಕೊಳ್ಳಬೇಡಿ. ಹೆಸರು, ವಿಳಾಸ, ಪ್ಯಾನ್ ಮೂರನ್ನೂ ಕವರ್ ಮೇಲೆ ಅಲ್ಲೇ ಬರೆಸಿಕೊಳ್ಳಬೇಕು. ಹೋಸ್ಟ್ ಇದ್ದರೆ ಆಮೇಲೆ ಅವರಿಂದ ಕೇಳಿ ತಿಳಿಯಬಹುದು, ಇಲ್ಲದಿದ್ದರೆ "ಶ್ರೀನಿವಾಸ, ಕುವೆಂಪುನಗರ" ಅಂತಷ್ಟೇ ಬರೆದ ಕವರ್ ಹಿಡಿದುಕೊಂಡು ನೀವು ಯಾವ ಶ್ರೀನಿವಾಸ ಅಂತ ಹುಡುಕುತ್ತೀರಿ?

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಮೈಸೂರಿನ ಯಾವ ಟೇಬಲ್ ತೆಗೆದುಕೊಂಡರೂ ಅಮೆರಿಕದಿಂದ ರಜಕ್ಕೆ ಬಂದ ಮಗನೋ ಸೊಸೆಯೋ ಒಬ್ಬರು ಇರುತ್ತಾರೆ. ಅವರು ಭಾರತದ ಪಾಸ್‌ಪೋರ್ಟಿನವರೇ ಆಗಿದ್ದರೆ ಚಿಂತೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಕೈಯಲ್ಲಿ ಒಸಿಐ ಕಾರ್ಡು (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡು) ಇದ್ದರೂ, ಅವರು ಕೊಟ್ಟ ಹಣ ವಿದೇಶಿ ದೇಣಿಗೆ. ಇಲ್ಲೇ ಕೂತು ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ತೆಗೆದುಕೊಳ್ಳುವಂತಿಲ್ಲ. ಯಾರು ಯಾವ ಪಾಸ್‌ಪೋರ್ಟಿನವರು ಅಂತ ಹೋಸ್ಟಿಗೆ ಗೊತ್ತಿರುತ್ತದೆ, ಸ್ಟೆಪ್ನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಕವರ್ ಮೇಲೆ "ನಾನು ಭಾರತೀಯ ಪ್ರಜೆ" ಅಂತ ಒಂದು ಸಾಲು, ಪಕ್ಕದಲ್ಲಿ ಟಿಕ್ ಹಾಕಲು ಜಾಗ ಅಚ್ಚು ಹಾಕಿಸಿ. ಯಾರನ್ನೂ ಬಾಯಿಬಿಟ್ಟು ಕೇಳುವ ಕಷ್ಟ ಇರುವುದಿಲ್ಲ.

ಊಟ ಮುಗಿಯಿತು, ತಾಂಬೂಲ ಕೊಟ್ಟು ಕಳಿಸಿದಿರಿ. ಮಾರನೇ ದಿನದ ಕೆಲಸ ಇನ್ನೂ ಇದೆ. ಆ ಟೇಬಲಿನ ಅತಿಥಿಗಳಿಗೆ ಟ್ರಸ್ಟ್ ಕಡೆಯಿಂದ ಮೊದಲು ಫೋನ್ ಹೋಗಬಾರದು. ಮೊದಲು ಹೋಸ್ಟಿಗೆ ಮಾಡಿ. ಯಾರು ಬಂದಿದ್ದರು, ಯಾರು ಏನು ಕೇಳಿದರು, ಯಾರು ಅರ್ಧಕ್ಕೆ ಎದ್ದರು ಅಂತ ಹೇಳಿ. "ನೀವು ಬರಬೇಕಿತ್ತು ಸರ್" ಅನ್ನುವ ಕೊಂಕು ಬೇಡ, ಅವರಿಗೆ ಅದು ಗೊತ್ತು. "ನೀವೇ ಒಂದು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರೆ ಅವರಿಗೆ ಖುಷಿಯಾಗುತ್ತೆ" ಅನ್ನಿ. ಬರದಿದ್ದ ಹೋಸ್ಟುಗಳು ಈ ಕೆಲಸವನ್ನು ಬಂದಿದ್ದ ಹೋಸ್ಟುಗಳಿಗಿಂತ ಚೆನ್ನಾಗಿ ಮಾಡುತ್ತಾರೆ, ಮನಸ್ಸಿನಲ್ಲಿ ಅಳುಕು ಇರುತ್ತದಲ್ಲ. ಅವರು ಮಾತಾಡಿ ಎರಡು ಮೂರು ದಿನ ಆದ ಮೇಲೆ ರಸೀದಿ ಜೊತೆ ನಾವು ಮಾತಾಡುತ್ತೇವೆ.

ಫೋನೇ ಎತ್ತದ ಹೋಸ್ಟ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ನಮಗೂ ಅಂಥವರೊಬ್ಬರು ಸಿಕ್ಕಿದ್ದರು. ಹತ್ತು ಜನರನ್ನು ಕರೆದು, ತಾವು ಬರದೆ, ಆ ರಾತ್ರಿ ಪೂರ್ತಿ ಫೋನ್ ಎತ್ತದೆ, ವಾರ ಆದ ಮೇಲೆ "ಹೇಗಾಯ್ತು ಪ್ರೋಗ್ರಾಂ?" ಅಂತ ಮೆಸೇಜ್ ಹಾಕಿದರು. ಕಮಿಟಿಯಲ್ಲಿ ಕೆಲವರಿಗೆ ಬೆಂಕಿಯಂಥ ಕೋಪ, ಅವರ ಸಂಬಂಧವೇ ಬೇಡ ಅಂದರು. ನಾನು ಒಪ್ಪಲಿಲ್ಲ. ಮೈಸೂರಲ್ಲಿ ಯಾರನ್ನೂ ಬಿಟ್ಟುಹಾಕಲು ಆಗುವುದಿಲ್ಲ, ನಾಳೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗಿನಲ್ಲಿ ಎದುರಾದರೆ ಮುಖ ಎಲ್ಲಿ ತಿರುಗಿಸುತ್ತೀರಿ? ಅವರು ಈಗಲೂ ವರ್ಷಕ್ಕೊಮ್ಮೆ ದೇಣಿಗೆ ಕೊಡುತ್ತಾರೆ, ಅತಿಥಿಯಾಗಿ ಕರೆದರೆ ಒಮ್ಮೊಮ್ಮೆ ಬರುತ್ತಾರೆ. ಟೇಬಲ್ ಮಾತ್ರ ಕೊಡುವುದಿಲ್ಲ. ಅವರೂ ಕೇಳಿಲ್ಲ. ಅವರ ಅವತ್ತಿನ ಟೇಬಲನ್ನು ನಡೆಸಿದ ಷಡ್ಡಕರು ಈಗ ಸ್ವಂತ ಟೇಬಲ್ ತಗೊಳ್ಳುತ್ತಾರೆ.

ಗೆಳತಿ ಫೋನ್ ಇಡುವ ಮೊದಲು ಇನ್ನೊಂದು ಕೇಳಿದಳು. ಎಲ್ಲಾ ಸುಧಾರಿಸಿ ಆದ ಮೇಲೆ, ಒಂಬತ್ತು ಗಂಟೆಗೆ ಐಸ್‌ಕ್ರೀಮ್ ಹೊತ್ತಿಗೆ ಹೋಸ್ಟ್ ಓಡೋಡಿ ಬಂದರೆ? ಬರುತ್ತಾರೆ, ನಮ್ಮಲ್ಲಿ ಇದೇ ಜಾಸ್ತಿ ಆಗುವುದು. ಸ್ಟೆಪ್ನಿ ಅಲ್ಲೇ ಎದ್ದು ಜಾಗ ಬಿಡಬೇಕು, ನಡೆದದ್ದನ್ನೆಲ್ಲ ವರದಿ ಒಪ್ಪಿಸುತ್ತಾ ನಿಲ್ಲಬಾರದು. ಮೈಕ್ ಹಿಡಿದವರು ಸ್ವಾಗತ ಕೋರಲು ಹೋಗಬಾರದು. ಟೇಬಲಿನವರು ಹೇಗೂ "ಈಗ ಬಂದ್ಯೇನಯ್ಯಾ" ಅಂತ ಕಾಲು ಎಳೆಯುತ್ತಾರೆ, ಅಷ್ಟು ಸಾಕು. ಕವರುಗಳನ್ನು ಆಗಲೇ ಎತ್ತಿಕೊಂಡಿದ್ದರೆ ಮತ್ತೆ ಟೇಬಲ್ ಮೇಲೆ ಇಡಬೇಡಿ. ಮತ್ತೆ, ಅಡುಗೆಯವರಿಗೆ ಸಂಜೆಯೇ ಹೇಳಿ ಎರಡು ಊಟ ಎತ್ತಿಡಿಸಿರಿ, ಒಂದು ಹೋಸ್ಟಿಗೆ, ಇನ್ನೊಂದು ಅವರ ಡ್ರೈವರಿಗೆ. ಬೆಂಗಳೂರಿನಿಂದ ಹೊರಟಾಗಿನಿಂದ ಇಬ್ಬರೂ ಏನೂ ತಿಂದಿರುವುದಿಲ್ಲ.